ಪಾಲಿಗೆ ಬಂದ ಮನುಷ್ಯರು: ಅಮೆರಿಕದ ಹಳ್ಳಿಗಳಲ್ಲಿ ಆಸ್ತಿ, ವಾರಸು ಮತ್ತು ಗುಲಾಮಗಿರಿ

ಅಮೆರಿಕದ ಜಾರ್ಜಿಯಾ ರಾಜ್ಯದ ಕರಾವಳಿಯಲ್ಲಿ ಮೆಕಿಂಟಾಷ್ ಅಂತ ಒಂದು ಕೌಂಟಿ ಇದೆ. ಅದಕ್ಕೆ ಸೇರಿದ ಸಪೆಲೋ ದ್ವೀಪದಲ್ಲಿ ಹಾಗ್ ಹ್ಯಾಮಕ್ ಅನ್ನೋ ಪುಟ್ಟ ಊರು. ಸೇತುವೆ ಇಲ್ಲ, ದೋಣಿಯಲ್ಲೇ ಹೋಗಬೇಕು. ಅಲ್ಲಿ ಈಗ ವಾಸವಾಗಿರುವ ಹಳಬರು ಕೆಲವೇ ಡಜನ್ ಮಂದಿ. ಎಲ್ಲರೂ ಗಲ್ಲಾ ಗೀಚಿ ಸಮುದಾಯದವರು, ಅಂದರೆ ಅದೇ ದ್ವೀಪದಲ್ಲಿ ಗುಲಾಮರಾಗಿ ದುಡಿದವರ ಮೊಮ್ಮಕ್ಕಳು, ಮರಿಮಕ್ಕಳು. 2023ರ ಸೆಪ್ಟೆಂಬರ್‌ನಲ್ಲಿ ಕೌಂಟಿ ಆಡಳಿತ ಒಂದು ನಿಯಮ ಬದಲಿಸಿತು. ಅಲ್ಲಿಯವರೆಗೆ ಆ ಊರಲ್ಲಿ 1,400 ಚದರ ಅಡಿಗಿಂತ ದೊಡ್ಡ ಮನೆ ಕಟ್ಟುವ ಹಾಗಿರಲಿಲ್ಲ. ಈಗ 3,000 ಚದರ ಅಡಿಯವರೆಗೆ ಕಟ್ಟಬಹುದು ಎಂದಿತು. ದುಡ್ಡಿದ್ದವರು ಬಂದು ರಜಾ ಮನೆ ಕಟ್ಟಿದರೆ ಜಮೀನಿನ ಬೆಲೆ ಏರುತ್ತದೆ. ಬೆಲೆಯ ಹಿಂದೆಯೇ ತೆರಿಗೆಯೂ ಏರುತ್ತದೆ. ತೆರಿಗೆ ಕಟ್ಟಲಾಗದವರು ಜಾಗ ಬಿಡಬೇಕಾಗುತ್ತದೆ. ಊರವರ ಭಯ ಇದೇ. ಅವರು ಸಹಿ ಸಂಗ್ರಹಿಸಿ, ಜನಮತ ಕೇಳಿ ಎಂದು ಹಟ ಹಿಡಿದರು. 2025ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾದ ಸುಪ್ರೀಂ ಕೋರ್ಟ್, ಜನಮತ ಕೇಳಬಹುದು ಎಂದು ಅವರ ಪರವಾಗಿ ತೀರ್ಪು ಕೊಟ್ಟಿತು.

ಅದೇ ಕೌಂಟಿಯಲ್ಲಿ, ಆಲ್ಟಮಹಾ ನದಿ ಕಡಲು ಸೇರುವ ಕಡೆ, ಬಟ್ಲರ್ ದ್ವೀಪ ಇದೆ. ಒಂದು ಕಾಲಕ್ಕೆ ಅದು ಭತ್ತದ ಗದ್ದೆಗಳಿಗೆ ಹೆಸರಾಗಿದ್ದ ಜಾಗ. ಗದ್ದೆ, ಒಡ್ಡು, ಕಾಲುವೆ ಎಲ್ಲವೂ ಗುಲಾಮರ ಕೈಯಿಂದ ಆದದ್ದು. ಆ ದ್ವೀಪದ ಜನ ಏನಾದರು ಅನ್ನೋದನ್ನು ಓದುತ್ತಾ ಹೋದಾಗ ನನಗೆ ಪದೇ ಪದೇ ಎದುರಾಗಿದ್ದು ನಮಗೆಲ್ಲ ತೀರಾ ಪರಿಚಯ ಇರುವ ಒಂದು ಮಾತು: ಪಾಲು. ಅಪ್ಪನ ಆಸ್ತಿ, ಅಜ್ಜನ ಆಸ್ತಿ, ಯಾರಿಗೆ ಎಷ್ಟು? ಹಾಗ್ ಹ್ಯಾಮಕ್‌ನ ಇವತ್ತಿನ ಸಂಕಟಕ್ಕೂ ಇನ್ನೂರು ವರ್ಷ ಹಿಂದಿನ ಸಂಕಟಕ್ಕೂ ಬೇರು ಒಂದೇ ಕಡೆ ಇದೆ ಅನ್ನೋದು ನನ್ನ ನಂಬಿಕೆ. ಆ ಬೇರು ವಾರಸಿನ ಕಾನೂನಿನಲ್ಲಿದೆ.

ಗುಲಾಮಗಿರಿ ಅಂದ ಕೂಡಲೇ ಹಡಗು, ಸರಪಳಿ, ಹರಾಜುಕಟ್ಟೆ ಕಣ್ಣಮುಂದೆ ಬರುತ್ತವೆ. ಅವೆಲ್ಲ ನಿಜ. ಆದರೆ ಹಳ್ಳಿಗಾಡಿನ ಅಮೆರಿಕದಲ್ಲಿ ಮನುಷ್ಯರು ಕೈಬದಲಾಗುತ್ತಿದ್ದ ಇನ್ನೊಂದು ದೊಡ್ಡ ದಾರಿ ಸಾವಿನ ಮನೆಯದು. ಯಜಮಾನ ಸತ್ತ, ಮಣ್ಣು ಮಾಡಿ ಬಂದರು, ಆಮೇಲೆ ಕೋರ್ಟು ನೇಮಿಸಿದ ಪಂಚರು ಪುಸ್ತಕ ಹಿಡಿದು ಜಮೀನಿಗೆ ಬಂದರು. ಎತ್ತು, ನೇಗಿಲು, ಹಾಸಿಗೆ, ಗಡಿಯಾರ, ಜನ. ಪ್ರತಿಯೊಂದಕ್ಕೂ ಒಂದು ಬೆಲೆ. ನಮ್ಮ ಜೀತದ ಜೊತೆ ಇದನ್ನು ಹೋಲಿಸುವುದುಂಟು, ಆದರೆ ಜೀತ ಅಂದರೆ ಸಾಲಕ್ಕೆ ದುಡಿಮೆ. ಇಲ್ಲಿ ದುಡಿಮೆಯ ಜೊತೆಗೆ ದುಡಿಯುವವರೂ ಆಸ್ತಿ. ಅವರ ಹೊಟ್ಟೆಯಲ್ಲಿ ಹುಟ್ಟುವ ಮಕ್ಕಳೂ ಆಸ್ತಿ.

ಈ ಕೊನೆಯ ಮಾತು ಕಾನೂನಿನಲ್ಲೇ ಇತ್ತು. 1662ರಲ್ಲಿ, ಆಗ ಇಂಗ್ಲಿಷರ ವಸಾಹತಾಗಿದ್ದ ವರ್ಜೀನಿಯಾ ಒಂದು ಕಾಯ್ದೆ ಮಾಡಿತು. ಮಗು ಸ್ವತಂತ್ರವೋ ಗುಲಾಮನೋ ಅನ್ನೋದು ತಾಯಿಯ ಸ್ಥಿತಿಯನ್ನು ನೋಡಿ ತೀರ್ಮಾನವಾಗಬೇಕು ಎಂದಿತು. ಇಂಗ್ಲೆಂಡಿನ ಪದ್ಧತಿಯಲ್ಲಿ ಎಲ್ಲವೂ ತಂದೆಯ ಕಡೆಯಿಂದ. ಹೆಸರು ತಂದೆಯದು, ಜಮೀನು ತಂದೆಯದು. ಗುಲಾಮರ ವಿಷಯದಲ್ಲಿ ಮಾತ್ರ ಅದು ತಿರುಗಿತು. ಇದರಿಂದ ಒಡೆಯನಿಗೆ ಎರಡು ಲಾಭ. ಹೆಣ್ಣಾಳಿಗೆ ಹುಟ್ಟಿದ ಪ್ರತಿ ಮಗುವೂ ಅವನ ಸೊತ್ತಾಯಿತು. ಅವನಿಂದಲೇ ಹುಟ್ಟಿದ ಮಗುವಾದರೂ ಅದಕ್ಕೆ ಅವನ ಆಸ್ತಿಯಲ್ಲಿ ಪಾಲಿಲ್ಲ. ಅದೇ ಆಸ್ತಿಯ ಪಟ್ಟಿಯಲ್ಲಿ ಒಂದು ಸಾಲಾಗಿ ಸೇರಿಕೊಳ್ಳುತ್ತಿತ್ತು. ಉಯಿಲುಗಳಲ್ಲಿ ಹೆಣ್ಣಾಳಿನ ಹೆಸರಿನ ಪಕ್ಕ "ಮುಂದೆ ಆಕೆಗೆ ಆಗುವ ಸಂತಾನವೂ ಸೇರಿ" ಎಂದು ಬರೆಯುವುದು ರೂಢಿಯಾಗಿತ್ತು. ಹುಟ್ಟದೇ ಇರುವ ಮಗುವನ್ನು ಇನ್ನೊಬ್ಬರ ಮಗಳ ಹೆಸರಿಗೆ ಬರೆದುಕೊಡುವುದು! ಹಸುವಿನ ಜೊತೆ ಮುಂದಿನ ಕರುವನ್ನೂ ಬರೆದುಕೊಟ್ಟ ಹಾಗೆ.

ಇನ್ನು ಗುಲಾಮರು ಸ್ಥಿರಾಸ್ತಿಯೋ ಚರಾಸ್ತಿಯೋ? ಕೇಳುವುದಕ್ಕೇ ಹಿಂಸೆಯಾಗುತ್ತದೆ, ಆದರೆ ಆ ಕಾಲದ ಕೋರ್ಟುಗಳು ಇದನ್ನು ಗಂಭೀರವಾಗಿ ಚರ್ಚಿಸಿದವು. 1705ರಲ್ಲಿ ವರ್ಜೀನಿಯಾ, ವಾರಸಿನ ಮಟ್ಟಿಗೆ ಗುಲಾಮರು ಸ್ಥಿರಾಸ್ತಿ ಎಂದಿತು. ಹೊಲ ಹೇಗೆ ವಾರಸುದಾರನಿಗೆ ಹೋಗುತ್ತದೋ ಹಾಗೆಯೇ ಆಳುಗಳೂ ಹೋಗಬೇಕು. 1727ರಲ್ಲಿ ಇನ್ನೂ ಮುಂದೆ ಹೋಗಿ, ಗುಲಾಮರನ್ನು ಜಮೀನಿಗೆ ಗಂಟು ಹಾಕಿ ತಲೆಮಾರುಗಳವರೆಗೆ ಒಂದೇ ಮನೆತನದಲ್ಲಿ ಉಳಿಸಿಕೊಳ್ಳಲು ಅವಕಾಶ ಕೊಟ್ಟಿತು. ಸೌತ್ ಕೆರೊಲಿನಾ 1740ರ ಕಾಯ್ದೆಯಲ್ಲಿ ಅವರನ್ನು ಚರಾಸ್ತಿ ಎಂದಿತು. ಇದು ಬರೀ ಪದದ ಜಗಳವಲ್ಲ. ಸ್ಥಿರಾಸ್ತಿಯಾದರೆ ಹುಟ್ಟಿದ ಊರಲ್ಲೇ ಉಳಿಯುವ ಸಾಧ್ಯತೆ ಸ್ವಲ್ಪ ಜಾಸ್ತಿ. ಚರಾಸ್ತಿಯಾದರೆ ಸಾಲ ತೀರಿಸಲು ಮೊದಲು ಹೋಗುವುದು ಅದೇ.

ಜಾರ್ಜ್ ವಾಷಿಂಗ್ಟನ್ ಅವರ ಮನೆಯನ್ನೇ ನೋಡಿ. ಅವರು 1799ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಮೌಂಟ್ ವರ್ನನ್ ತೋಟದಲ್ಲಿ 317 ಗುಲಾಮರಿದ್ದರು. ತಮ್ಮ ಉಯಿಲಿನಲ್ಲಿ ಅವರು ತಮ್ಮವರಿಗೆ ಬಿಡುಗಡೆ ಬರೆದಿದ್ದರು. ಇದನ್ನು ಎಲ್ಲರೂ ಹೇಳುತ್ತಾರೆ. ಕಡಿಮೆ ಹೇಳುವ ಮಾತು ಏನೆಂದರೆ, ಆ 317ರಲ್ಲಿ ಅವರದೇ ಅನ್ನುವವರು 123 ಮಂದಿ ಮಾತ್ರ. ಇನ್ನು 153 ಮಂದಿ ಹೆಂಡತಿ ಮಾರ್ಥಾ ಅವರ ಮೊದಲ ಗಂಡ ಡೇನಿಯಲ್ ಕಸ್ಟಿಸ್‌ನ ಆಸ್ತಿಗೆ ಸೇರಿದವರು. ಕಸ್ಟಿಸ್ 1757ರಲ್ಲಿ ಉಯಿಲು ಬರೆಯದೇ ಸತ್ತಿದ್ದ. ಕಾನೂನಿನ ಪ್ರಕಾರ ವಿಧವೆಗೆ ಮೂರರಲ್ಲಿ ಒಂದು ಪಾಲು ಬಂತು. ಅದೂ ಅನುಭವಿಸುವುದಕ್ಕೆ ಮಾತ್ರ, ಪರಭಾರೆ ಮಾಡುವುದಕ್ಕಲ್ಲ. ಆಕೆಯ ನಂತರ ಅದು ಕಸ್ಟಿಸ್ ವಾರಸುದಾರರಿಗೆ ಹೋಗಬೇಕು. ಹಾಗಾಗಿ ವಾಷಿಂಗ್ಟನ್ ಆಗಲಿ ಮಾರ್ಥಾ ಆಗಲಿ ಆ 153 ಜನರನ್ನು ಬಿಡುಗಡೆ ಮಾಡುವ ಹಾಗೇ ಇರಲಿಲ್ಲ.

ಆದರೆ ಜನ ಬದುಕಿದ್ದು ಒಟ್ಟಿಗೆ. ವಾಷಿಂಗ್ಟನ್ ಪಟ್ಟಿಯ ಗಂಡು ಕಸ್ಟಿಸ್ ಪಟ್ಟಿಯ ಹೆಣ್ಣನ್ನು ಕಟ್ಟಿಕೊಂಡಿದ್ದ, ಮಕ್ಕಳಾಗಿದ್ದವು. 1801ರ ಜನವರಿ 1ರಂದು ಗಂಡ ಸ್ವತಂತ್ರನಾದ. ಹೆಂಡತಿ, ಮಕ್ಕಳು ಗುಲಾಮರಾಗಿಯೇ ಉಳಿದರು. 1802ರಲ್ಲಿ ಮಾರ್ಥಾ ತೀರಿಕೊಂಡ ಮೇಲೆ ಆ ಹೆಂಡತಿ ಮಕ್ಕಳು ನಾಲ್ಕು ಮೊಮ್ಮಕ್ಕಳ ನಾಲ್ಕು ಪಾಲುಗಳಿಗೆ ಹಂಚಿಹೋದರು. ನಲವತ್ತೈದು ವರ್ಷ ಹಿಂದೆ ಒಬ್ಬ ಮನುಷ್ಯ ಉಯಿಲು ಬರೆಯದೇ ಸತ್ತದ್ದರ ಫಲ ಇದು.

ಆ ಪಾಲಿನ ಭಯದಿಂದಲೇ ಓಡಿಹೋದವರು ಓನಾ ಜಡ್ಜ್. ಅವರೂ ಕಸ್ಟಿಸ್ ಪಟ್ಟಿಯವರೇ, ಮಾರ್ಥಾ ಅವರ ಖಾಸಾ ಸೇವಕಿ. ತನ್ನನ್ನು ಮಾರ್ಥಾ ಅವರ ಮೊಮ್ಮಗಳು ಎಲೈಜಾಗೆ ಕೊಟ್ಟುಬಿಡುತ್ತಾರೆ ಅನ್ನೋದು ಓನಾಗೆ ಗೊತ್ತಾಯಿತು. ನಮ್ಮಲ್ಲಿ ಮದುವೆಯಾದ ಹುಡುಗಿಗೆ ತವರಿನಿಂದ ಕೊಡುವುದನ್ನು ಬಳುವಳಿ ಅನ್ನುತ್ತೇವಲ್ಲ, ಹಾಗೆ. 1796ರ ಮೇ ತಿಂಗಳ ಒಂದು ಸಂಜೆ, ಫಿಲಡೆಲ್ಫಿಯಾದಲ್ಲಿ ರಾಷ್ಟ್ರಪತಿ ದಂಪತಿ ಊಟಕ್ಕೆ ಕೂತಿದ್ದಾಗ, ಓನಾ ಮನೆಯಿಂದ ಹೊರಟುಬಿಟ್ಟರು. ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್ ಸೇರಿದರು. ಅಲ್ಲಿ ಸ್ವತಂತ್ರನಾಗಿದ್ದ ಒಬ್ಬ ನಾವಿಕನನ್ನು ಮದುವೆಯಾದರು, ಮೂರು ಮಕ್ಕಳಾದವು. ಆದರೂ ಕಾನೂನಿನ ಲೆಕ್ಕದಲ್ಲಿ ಆ ಮೂವರೂ ವರ್ಜೀನಿಯಾದ ಕಸ್ಟಿಸ್ ಮನೆತನದ ಆಸ್ತಿ. 1848ರಲ್ಲಿ ತೀರಿಕೊಳ್ಳುವವರೆಗೂ ಓನಾ ಆ ಲೆಕ್ಕದಲ್ಲಿ ಇನ್ನೊಬ್ಬರ ಸ್ವತ್ತೇ ಆಗಿದ್ದರು.

ಬಳುವಳಿ ಅನ್ನೋ ಮಾತನ್ನು ನಾನು ಸುಮ್ನೆ ಬಳಸಲಿಲ್ಲ. ದಕ್ಷಿಣದ ರೈತ ಮನೆಗಳಲ್ಲಿ ಜಮೀನು ಹೆಚ್ಚಾಗಿ ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಆಳುಗಳು ಅನ್ನೋ ರೂಢಿ ಇತ್ತು. ಹೊಲವನ್ನು ಗಂಡನ ಮನೆಗೆ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಒಬ್ಬ ಹುಡುಗಿಯನ್ನು ಕರೆದುಕೊಂಡು ಹೋಗಬಹುದು. ಬಿಳಿಯ ಹೆಂಗಸರ ಆಸ್ತಿ ಹಕ್ಕಿನ ಇತಿಹಾಸವೂ ಇದರಲ್ಲೇ ತಳುಕು ಹಾಕಿಕೊಂಡಿದೆ. 1839ರಲ್ಲಿ ಮಿಸಿಸಿಪ್ಪಿ ರಾಜ್ಯ ಮದುವೆಯಾದ ಹೆಣ್ಣಿಗೆ ತನ್ನದೇ ಆಸ್ತಿ ಇಟ್ಟುಕೊಳ್ಳುವ ಹಕ್ಕು ಕೊಟ್ಟಿತು. ಇದನ್ನು ಮಹಿಳಾ ಹಕ್ಕಿನ ಮೊದಲ ಹೆಜ್ಜೆಗಳಲ್ಲಿ ಒಂದು ಎಂದು ಎಣಿಸುತ್ತಾರೆ. ಆ ಕಾಯ್ದೆಯ ಐದು ಕಲಮುಗಳಲ್ಲಿ ನಾಲ್ಕು ಗುಲಾಮರ ಒಡೆತನದ ಬಗ್ಗೆಯೇ ಇವೆ. ಗಂಡ ಸಾಲ ಮಾಡಿಕೊಂಡರೆ ತವರಿನಿಂದ ಬಂದ ಆಳುಗಳು ಸಾಲ ಕೊಟ್ಟವರ ಪಾಲಾಗದಿರಲಿ ಅನ್ನೋದು ಅದರ ಉದ್ದೇಶ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಮಾಡಿಕೊಳ್ಳಬೇಕು. ಗುಲಾಮರನ್ನು ಇಟ್ಟುಕೊಂಡವರೆಲ್ಲ ನೂರಾರು ಜನರ ಒಡೆಯರು ಅನ್ನೋ ಚಿತ್ರ ನಮ್ಮ ತಲೆಯಲ್ಲಿದೆ. 1860ರ ಜನಗಣತಿಯ ಹೊತ್ತಿಗೆ ಗುಲಾಮರಿದ್ದ ಮನೆಗಳಲ್ಲಿ ಸುಮಾರು ಅರ್ಧದಷ್ಟು ಮನೆಗಳಲ್ಲಿ ಇದ್ದವರು ಐದಕ್ಕಿಂತ ಕಡಿಮೆ. ಪಾಲಿನ ದೃಷ್ಟಿಯಿಂದ ನೋಡಿದರೆ ಈ ಸಣ್ಣ ಮನೆಗಳೇ ಹೆಚ್ಚು ಅಪಾಯ. ಲೆಕ್ಕ ಹಾಕಿ ನೋಡಿ: ಒಬ್ಬ ರೈತನಿಗೆ ನಾಲ್ಕು ಮಕ್ಕಳು. ಮನೆಯಲ್ಲಿ ಒಬ್ಬ ತಾಯಿ, ಅವಳ ಇಬ್ಬರು ಮಕ್ಕಳು ಗುಲಾಮರು. ರೈತ ಸತ್ತರೆ ಮೂರು ಜನರನ್ನು ನಾಲ್ಕು ಪಾಲು ಮಾಡುವುದು ಹೇಗೆ? ಒಂದೊಂದು ಪಾಲಿಗೆ ಒಬ್ಬೊಬ್ಬರನ್ನು ಹಾಕಿ ಮಿಕ್ಕವನಿಗೆ ದುಡ್ಡು ಕೊಡಬೇಕು. ಇಲ್ಲವೇ ವರ್ಷವರ್ಷಕ್ಕೆ ಬಾಡಿಗೆಗೆ ಕಳಿಸಿ ಬಂದ ಹಣ ಹಂಚಿಕೊಳ್ಳಬೇಕು. ಅದೂ ಆಗದಿದ್ದರೆ ಕೋರ್ಟಿಗೆ ಹೋಗಿ "ಇದನ್ನು ಭಾಗ ಮಾಡಲು ಬರುವುದಿಲ್ಲ, ಮಾರಿ ಹಣ ಹಂಚಿ" ಅನ್ನೋ ಆದೇಶ ತರಬೇಕು. ಈ ಕೊನೆಯ ವಾಕ್ಯವನ್ನು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬರುತ್ತದೆ.

ಪಾಲಿಗೆ ಒಳಗಾದವರಿಗೆ ಅದು ಹೇಗಿತ್ತು ಅನ್ನೋದನ್ನು, ಗುಲಾಮರಾಗಿ ಹುಟ್ಟಿ ಮುಂದೆ ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ತಮ್ಮ 1845ರ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮೇರಿಲ್ಯಾಂಡ್‌ನ ಟಾಲ್ಬಟ್ ಕೌಂಟಿ, ಹೊಲ ತೋಟಗಳ ಸೀಮೆ. ಅವರ ಒಡೆಯ ಆರನ್ ಆಂಟನಿ 1826ರಲ್ಲಿ ಉಯಿಲು ಬರೆಯದೇ ಸತ್ತ. ಆಗ ಹುಡುಗ ಫ್ರೆಡರಿಕ್ ದೂರದ ಬಾಲ್ಟಿಮೋರ್‌ನಲ್ಲಿ ಒಂದು ಮನೆಯಲ್ಲಿದ್ದ. ವಯಸ್ಸು ಒಂಬತ್ತರ ಆಸುಪಾಸು. ಆಸ್ತಿಯ ಲೆಕ್ಕಕ್ಕೆ ಅವನೂ ಬೇಕಲ್ಲ, ಕರೆಸಿದರು. ಗಂಡಸರು, ಹೆಂಗಸರು, ಮುದುಕರು, ಮಕ್ಕಳು ಎಲ್ಲರನ್ನೂ ಕುದುರೆ, ಕುರಿ, ಹಂದಿಗಳ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಿ ಬೆಲೆ ಕಟ್ಟಿದರು. ಆಂಟನಿಯ ಮಗ ಆಂಡ್ರೂ ಕುಡುಕ, ಕ್ರೂರಿ. ಅವನ ಪಾಲಿಗೆ ಬಿದ್ದರೆ ಗತಿ ಏನು ಅಂತ ಎಲ್ಲರಿಗೂ ನಡುಕ. ಆ ದಿನಗಳಲ್ಲೇ ಅವನು ಫ್ರೆಡರಿಕ್‌ನ ತಮ್ಮನೊಬ್ಬನನ್ನು ನೆಲಕ್ಕೆ ಕೆಡವಿ, ಬೂಟಿನ ಹಿಮ್ಮಡಿಯಲ್ಲಿ ತಲೆ ತುಳಿದ. ಮಗುವಿನ ಮೂಗು, ಕಿವಿಯಿಂದ ರಕ್ತ ಬಂತು. ಫ್ರೆಡರಿಕ್ ಆಂಟನಿಯ ಮಗಳ ಪಾಲಿಗೆ ಬಿದ್ದ, ಬಾಲ್ಟಿಮೋರ್‌ಗೆ ವಾಪಸ್ ಹೋದ. ಅವನನ್ನು ಸಾಕಿದ ಅಜ್ಜಿ ಬೆಟ್ಸಿ ಆಂಡ್ರೂ ಪಾಲಿಗೆ ಬಿದ್ದಳು.

ಉತ್ತರದ ರಾಜ್ಯಗಳಲ್ಲಿ ಹೀಗಿರಲಿಲ್ಲ ಅಂತ ಅಂದುಕೊಳ್ಳಬೇಡಿ. ನ್ಯೂಯಾರ್ಕ್‌ನ ಅಲ್ಸ್ಟರ್ ಕೌಂಟಿ ಡಚ್ ಮಾತಾಡುವ ರೈತರ ಸೀಮೆ. ಮುಂದೆ ಗುಲಾಮಗಿರಿಯ ವಿರುದ್ಧ ದನಿ ಎತ್ತಿದ ಸೋಜರ್ನರ್ ಟ್ರೂತ್ ಹುಟ್ಟಿದ್ದು ಅಲ್ಲಿ. ಒಡೆಯ ಸತ್ತ ಮೇಲೆ, ಒಂಬತ್ತು ವರ್ಷದ ಆ ಹುಡುಗಿಯನ್ನು ಒಂದು ಕುರಿಮಂದೆಯ ಜೊತೆ ಸೇರಿಸಿ 100 ಡಾಲರಿಗೆ ಹರಾಜು ಹಾಕಿದರು. ನ್ಯೂಯಾರ್ಕ್‌ನಲ್ಲಿ ಗುಲಾಮಗಿರಿ ಪೂರ್ತಿ ಮುಗಿದಿದ್ದು 1827ರಲ್ಲಿ.

ಈಗ ಮತ್ತೆ ಬಟ್ಲರ್ ದ್ವೀಪಕ್ಕೆ ಬರೋಣ. ಅದರ ಹಳೆಯ ಒಡೆಯ ಮೇಜರ್ ಪಿಯರ್ಸ್ ಬಟ್ಲರ್ ಅಮೆರಿಕದ ಸಂವಿಧಾನಕ್ಕೆ ಸಹಿ ಹಾಕಿದವರಲ್ಲಿ ಒಬ್ಬ. ಓಡಿಹೋದ ಗುಲಾಮರನ್ನು ಹಿಂದಿರುಗಿಸಬೇಕು ಅನ್ನೋ ಕಲಮನ್ನು ಅದರಲ್ಲಿ ಸೇರಿಸಲು ಮುಂದೆ ನಿಂತವನೂ ಅವನೇ. 1822ರಲ್ಲಿ ಸತ್ತ. ಮಗಳ ಗಂಡುಮಕ್ಕಳಿಗೆ ಆಸ್ತಿ ಬರಬೇಕಾದರೆ ಅವರು ತಂದೆಯ ಮನೆತನದ ಹೆಸರಾದ ಮೀಸ್ ಬಿಟ್ಟು ಬಟ್ಲರ್ ಎಂದು ಇಟ್ಟುಕೊಳ್ಳಬೇಕು ಅನ್ನೋದು ಅವನ ಷರತ್ತು. ಇಬ್ಬರು ಮೊಮ್ಮಕ್ಕಳು ಹೆಸರು ಬದಲಿಸಿಕೊಂಡರು. ಸುಮಾರು ಒಂಬೈನೂರು ಜನ ಗುಲಾಮರು ಅವರ ಕೈಗೆ ಬಂದರು.

ಒಬ್ಬ ಮೊಮ್ಮಗ ಜೂಜಿನಲ್ಲಿ, ಷೇರುಪೇಟೆಯಲ್ಲಿ ಕೈಸುಟ್ಟುಕೊಂಡ. ಸಾಲ ತೀರಿಸಬೇಕು. ಮೊದಲು ಗುಲಾಮರನ್ನು ಎರಡು ಪಾಲು ಮಾಡಿದರು, ಅವನದೊಂದು, ತೀರಿಹೋಗಿದ್ದ ಸಹೋದರನ ವಾರಸಿನದೊಂದು. ಆಮೇಲೆ 1859ರ ಮಾರ್ಚ್ 2 ಮತ್ತು 3ರಂದು ಸವಾನಾ ಪಟ್ಟಣದ ಹೊರಗಿನ ಕುದುರೆ ರೇಸ್ ಮೈದಾನದಲ್ಲಿ ಅವನ ಪಾಲಿನವರ ಹರಾಜು. ಮಾರಾಟಕ್ಕಿಟ್ಟದ್ದು 436 ಜನರನ್ನು. ಬಂದ ಹಣ 3,03,850 ಡಾಲರ್. ಎರಡು ದಿನವೂ ಜಡಿಮಳೆ. ಆ ಜನರ ಮಕ್ಕಳು ಮೊಮ್ಮಕ್ಕಳು ಅದನ್ನು "ಅಳುವ ಹೊತ್ತು" ಎಂದು ಕರೆದರು. ಕುಟುಂಬ ಒಡೆಯುವುದಿಲ್ಲ ಎಂದು ಹೇಳಿದ್ದರು. ಆದರೆ ಕುಟುಂಬ ಅಂದರೆ ಅವರ ಲೆಕ್ಕದಲ್ಲಿ ಗಂಡ, ಹೆಂಡತಿ, ಸಣ್ಣ ಮಕ್ಕಳು. ಅಜ್ಜಿ, ಅಕ್ಕ, ಬೆಳೆದ ಮಗ ಲೆಕ್ಕಕ್ಕಿಲ್ಲ. ಹರಾಜು ಮುಗಿದ ಮೇಲೆ ಆ ಒಡೆಯ ಮಾರಾಟವಾದವರ ನಡುವೆ ಓಡಾಡಿ ಪ್ರತಿಯೊಬ್ಬರ ಕೈಗೂ ಒಂದು ಡಾಲರ್ ಇಟ್ಟ. ಟಂಕಸಾಲೆಯಿಂದ ಆಗಷ್ಟೇ ಬಂದ, ಕಾಲು ಡಾಲರಿನ ಹೊಳೆಯುವ ನಾಲ್ಕು ನಾಣ್ಯ. ತಲೆಮಾರುಗಳ ದುಡಿಮೆಗೆ ಆ ಮನೆತನದಿಂದ ಅವರ ಕೈಗೆ ಬಂದ ಪಾಲು ಅದು.

ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆದು, 1865ರಲ್ಲಿ ಗುಲಾಮಗಿರಿ ಮುಗಿಯಿತು. ಅದೇ ವರ್ಷದ ಜನವರಿಯಲ್ಲಿ ಉತ್ತರದ ಸೇನೆಯ ಜನರಲ್ ಷರ್ಮನ್ ಆದೇಶವೊಂದನ್ನು ಹೊರಡಿಸಿದ. ಚಾರ್ಲ್ಸ್‌ಟನ್‌ನಿಂದ ದಕ್ಷಿಣಕ್ಕಿರುವ ದ್ವೀಪಗಳು, ಒಡೆಯರು ಬಿಟ್ಟು ಓಡಿದ ಕರಾವಳಿಯ ಭತ್ತದ ಗದ್ದೆಗಳು, ಇವನ್ನು ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆವರೆಗೆ ಹಂಚಬೇಕು ಎಂದು. ಸಪೆಲೋ, ಬಟ್ಲರ್ ದ್ವೀಪ ಎರಡೂ ಅದರಲ್ಲಿ ಬಂದವು. ಸುಮಾರು 40,000 ಜನ ಊರಿ ನಿಂತು ಬಿತ್ತನೆ ಮಾಡಿದರು. ವರ್ಷ ತುಂಬುವುದರೊಳಗೆ ರಾಷ್ಟ್ರಪತಿ ಆಂಡ್ರೂ ಜಾನ್ಸನ್ ಜಮೀನನ್ನು ಹಳೆಯ ಒಡೆಯರಿಗೇ ವಾಪಸ್ ಕೊಡಿಸಿದ. 1867ರಲ್ಲಿ ಆ ಸಾಲಗಾರ ಮೊಮ್ಮಗ ಸತ್ತಾಗ ಬಟ್ಲರ್ ದ್ವೀಪದ ಉಸ್ತುವಾರಿಗೆ ನಿಂತವಳು ಅವನ ಮಗಳು. ಆ ಮನೆತನದ ವಾರಸು ಯುದ್ಧವನ್ನೂ ದಾಟಿತು. ಇದಕ್ಕೂ ಮೊದಲು, 1862ರಲ್ಲಿ, ರಾಜಧಾನಿ ವಾಷಿಂಗ್ಟನ್‌ನಲ್ಲಿ ಗುಲಾಮರನ್ನು ಬಿಡಿಸಿದಾಗ ಸರ್ಕಾರ ತಲಾ 300 ಡಾಲರ್‌ವರೆಗೆ ಪರಿಹಾರ ಕೊಟ್ಟಿತ್ತು. ಕೊಟ್ಟಿದ್ದು ಒಡೆಯರಿಗೆ.

ಬಿಡುಗಡೆಯಾದವರ ಕೈಯಲ್ಲಿ ಏನಿತ್ತು? ಆಸ್ತಿ ಹೊಂದುವ ಹಕ್ಕು ಅಲ್ಲಿಯವರೆಗೆ ಇರಲಿಲ್ಲ, ಹಾಗಾಗಿ ಅಪ್ಪನಿಂದ ಬರುವಂಥದ್ದು ಏನೂ ಇರಲಿಲ್ಲ. ಅವರ ಮದುವೆಗೂ ಕಾನೂನಿನ ಮಾನ್ಯತೆ ಇರಲಿಲ್ಲ. ಯಾರು ಯಾರ ಹೆಂಡತಿ, ಯಾರ ಮಗ ಅನ್ನೋದಕ್ಕೂ ರಾಜ್ಯಗಳು ಹೊಸದಾಗಿ ಕಾನೂನು ಮಾಡಬೇಕಾಯಿತು. ಒಡೆಯರ ಕತೆ ಬೇರೆ. ದಕ್ಷಿಣದ ಬಿಳಿಯ ಕುಟುಂಬಗಳ ಬಗ್ಗೆ ಅರ್ಥಶಾಸ್ತ್ರಜ್ಞರು 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯುದ್ಧದಲ್ಲಿ ಗುಲಾಮರನ್ನು ಕಳೆದುಕೊಂಡ ಮನೆಗಳ ಗಂಡುಮಕ್ಕಳು 1900ರ ಹೊತ್ತಿಗೆ ಹೆಚ್ಚುಕಡಿಮೆ ಚೇತರಿಸಿಕೊಂಡಿದ್ದರು. ಆಸ್ತಿ ಹೋದರೂ ಮದುವೆ ಸಂಬಂಧ, ಪರಿಚಯ, ಪ್ರಭಾವ ಉಳಿದಿದ್ದವು. "ನಮ್ಮ ತಾತ ಯಾರನ್ನೂ ಗುಲಾಮರಾಗಿ ಇಟ್ಟುಕೊಂಡಿರಲಿಲ್ಲ, ನಮಗೇಕೆ ಈ ಮಾತು" ಎನ್ನುವವರು ಅಮೆರಿಕದಲ್ಲಿ ತುಂಬಾ ಇದ್ದಾರೆ. ವಾರಸು ಅಂದರೆ ಬರೀ ಹೊಲ ಮನೆ ಅಲ್ಲ ಅನ್ನೋದನ್ನು ಅವರು ಮರೆಯುತ್ತಾರೆ.

ಆದರೂ ಬಿಡುಗಡೆಯಾದವರು ಜಮೀನು ಕೊಂಡರು. ಕೂಲಿ ಉಳಿಸಿ, ಗೇಣಿ ಮಾಡಿ, ಐದೆಕರೆ ಹತ್ತೆಕರೆ ಕೂಡಿಸಿದರು. 1910ರ ಹೊತ್ತಿಗೆ ಕಪ್ಪು ಜನರ ಒಡೆತನದಲ್ಲಿ ಸುಮಾರು 1.5 ಕೋಟಿ ಎಕರೆ ಇತ್ತು. 1920ರಲ್ಲಿ 9 ಲಕ್ಷಕ್ಕೂ ಹೆಚ್ಚು ಕಪ್ಪು ರೈತರಿದ್ದರು. ಈಗ 50 ಸಾವಿರವೂ ಇಲ್ಲ.

ಅಷ್ಟು ಜಮೀನು ಎಲ್ಲಿ ಹೋಯಿತು? ಸಾಲ ಕೊಡದ ಸರ್ಕಾರಿ ಕಚೇರಿಗಳು, ಬೆದರಿಕೆ, ಹಿಂಸೆ, ಊರು ಬಿಟ್ಟು ವಲಸೆ, ಎಲ್ಲವೂ ಕಾರಣವೇ. ಅದರ ಜೊತೆಗೆ ಸದ್ದಿಲ್ಲದೆ ಕೆಲಸ ಮಾಡಿದ್ದು ಅಲ್ಲಿ "ಏರ್ಸ್ ಪ್ರಾಪರ್ಟಿ" ಎಂದು ಕರೆಯುವ ಆಸ್ತಿ. ನಮ್ಮಲ್ಲಿ ಪೌತಿ ಖಾತೆಯಾಗದೆ ತಾತನ ಹೆಸರಿನಲ್ಲೇ ಉಳಿದ ಜಮೀನು ಇರುತ್ತದಲ್ಲ, ಹೆಚ್ಚುಕಡಿಮೆ ಅದು. ಜಮೀನು ಕೊಂಡ ಮುತ್ತಾತ ಉಯಿಲು ಬರೆಯಲಿಲ್ಲ. ಬಿಳಿಯರ ಕೋರ್ಟಿನ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ಯಾಕಿರಬೇಕು? ತನ್ನ ತಾಯಿಯನ್ನು ಪಾಲು ಮಾಡಿದ್ದೇ ಆ ಕೋರ್ಟು. ಉಯಿಲು ಬರೆಯದಿದ್ದರೆ ಜಮೀನು ಎಲ್ಲರಿಗೂ ಸೇರಿ ಮನೆತನದಲ್ಲೇ ಉಳಿಯುತ್ತದೆ ಎಂದೂ ಅನೇಕರು ನಂಬಿದ್ದರು.

ಎಲ್ಲರಿಗೂ ಸೇರಿತು, ಅಲ್ಲೇ ತೊಂದರೆಯಾಯಿತು. ನಾಲ್ಕು ತಲೆಮಾರಿನಲ್ಲಿ ಒಂದು ಜಮೀನಿಗೆ ಹತ್ತಾರು, ಕೆಲವು ಕಡೆ ನೂರಕ್ಕೂ ಹೆಚ್ಚು ವಾರಸುದಾರರು. ದಾಖಲೆ ಸರಿ ಇಲ್ಲದ್ದರಿಂದ ಬ್ಯಾಂಕ್ ಸಾಲ ಇಲ್ಲ. ಚಂಡಮಾರುತ ಬಂದು ಮನೆ ಹಾರಿಹೋದರೆ ಪರಿಹಾರಕ್ಕೂ ಪರದಾಟ. ಎಲ್ಲಕ್ಕಿಂತ ಅಪಾಯ ಇನ್ನೊಂದಿದೆ. ದೂರದ ಶಹರದಲ್ಲಿರುವ, ಆ ಜಮೀನನ್ನು ನೋಡಿಯೇ ಇರದ ಸಂಬಂಧಿಯೊಬ್ಬನಿಂದ ರಿಯಲ್ ಎಸ್ಟೇಟಿನವರು ಅವನ ಚೂರು ಹಿಸ್ಸೆ ಕೊಳ್ಳುತ್ತಾರೆ. ಹಿಸ್ಸೆ ಎಷ್ಟೇ ಚಿಕ್ಕದಿರಲಿ, ಅದನ್ನು ಹಿಡಿದು ಕೋರ್ಟಿಗೆ ಹೋಗಬಹುದು. ಇಷ್ಟು ಜನರಿಗೆ ಈ ಜಮೀನನ್ನು ಅಳೆದು ಹಂಚಲು ಸಾಧ್ಯವೇ? ಇಲ್ಲ. ಹಾಗಾದರೆ ಭಾಗ ಮಾಡಲು ಬರುವುದಿಲ್ಲ, ಮಾರಿ ಹಣ ಹಂಚಿ. ಹಿಂದೆ ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಅದೇ ವಾಕ್ಯ. ಹರಾಜಿನಲ್ಲಿ ಕಡಿಮೆ ಬೆಲೆಗೆ ಕೂಗಿ ಕೊಳ್ಳುವವನು ಬಹುಸಾರಿ ಆ ಚೂರು ಹಿಸ್ಸೆ ಕೊಂಡವನೇ. ಅಲ್ಲೇ ಹುಟ್ಟಿ, ತೆರಿಗೆ ಕಟ್ಟಿಕೊಂಡು ಬಂದ ಅಜ್ಜಿಯ ಕೈಗೆ ಒಂದು ಚೆಕ್ ಬರುತ್ತದೆ.

ಇದನ್ನು ತಡೆಯಲು 2010ರಲ್ಲಿ ಒಂದು ಮಾದರಿ ಕಾನೂನು ಸಿದ್ಧವಾಯಿತು. ಕರಡು ಬರೆದವರು ಕಾನೂನು ಪ್ರಾಧ್ಯಾಪಕ ಥಾಮಸ್ ಮಿಚೆಲ್. ಒಬ್ಬ ಹಿಸ್ಸೆದಾರ ಮಾರಾಟ ಕೇಳಿದರೆ ಮೊದಲು ಸರಿಯಾದ ಬೆಲೆ ಕಟ್ಟಿಸಬೇಕು. ಆ ಹಿಸ್ಸೆಯನ್ನು ಕೊಳ್ಳುವ ಮೊದಲ ಅವಕಾಶ ಉಳಿದ ಮನೆಯವರಿಗೆ. ಎಷ್ಟು ಕಾಲದಿಂದ ಆ ಜಮೀನು ಮನೆತನದಲ್ಲಿದೆ ಅನ್ನೋದನ್ನೂ ಕೋರ್ಟು ನೋಡಬೇಕು. ಮಾರಲೇಬೇಕಾದರೆ ಹರಾಜಿನ ಬದಲು ಮಾರುಕಟ್ಟೆ ಬೆಲೆಗೆ ಮಾರಬೇಕು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಇದನ್ನು ಒಪ್ಪಿಕೊಂಡಿವೆ. ಜಾರ್ಜಿಯಾ 2012ರಲ್ಲೇ ಒಪ್ಪಿತು. ಸೌತ್ ಕೆರೊಲಿನಾ 2016ರಲ್ಲಿ ಅದಕ್ಕೆ ಕ್ಲೆಮೆಂಟಾ ಪಿಂಕ್ನಿ ಅವರ ಹೆಸರಿಟ್ಟಿತು. ಅವರು ರಾಜ್ಯದ ಸೆನೆಟರ್, ಪಾದ್ರಿ. 2015ರಲ್ಲಿ ಚಾರ್ಲ್ಸ್‌ಟನ್‌ನ ಚರ್ಚಿನಲ್ಲಿ ಬಿಳಿಯ ಜನಾಂಗದ್ವೇಷಿಯೊಬ್ಬನ ಗುಂಡಿಗೆ ಬಲಿಯಾದ ಒಂಬತ್ತು ಜನರಲ್ಲಿ ಒಬ್ಬರು. 2018ರ ಕೇಂದ್ರ ಕೃಷಿ ಕಾಯ್ದೆಯೂ ಇಂಥ ಜಮೀನಿನ ರೈತರಿಗೆ ಬೇರೆ ದಾಖಲೆ ತೋರಿಸಿ ಸರ್ಕಾರಿ ಸವಲತ್ತು ಪಡೆಯುವ ದಾರಿ ತೆರೆಯಿತು.

ಒಳ್ಳೆಯ ಕಾನೂನು, ಆದರೆ ತಡವಾಗಿ ಬಂತು ಅನ್ನಲೇಬೇಕು. ಹೋದ ಜಮೀನನ್ನು ಅದು ವಾಪಸ್ ತರುವುದಿಲ್ಲ. ತೆರಿಗೆ ಬಾಕಿಗೆ ಜಮೀನು ಹೋಗುವುದನ್ನೂ ತಡೆಯುವುದಿಲ್ಲ. ಹಾಗ್ ಹ್ಯಾಮಕ್‌ನವರು ಮನೆಯ ಗಾತ್ರದ ನಿಯಮಕ್ಕಾಗಿ ಇಷ್ಟು ಹೋರಾಡಿದ್ದು ಅದಕ್ಕೇ.

ಕರಾವಳಿಯುದ್ದಕ್ಕೂ ಈಗ ವಕೀಲರ ಸಂಸ್ಥೆಗಳು ಈ ಕುಟುಂಬಗಳಿಗೆ ಉಯಿಲು ಬರೆಸುತ್ತವೆ, ದಾಖಲೆ ಸರಿಮಾಡಿಸುತ್ತವೆ. ಮೊದಲು ಬೇಕಾಗುವುದು ವಂಶವೃಕ್ಷ. ಜಮೀನು ಕೊಂಡವನಿಂದ ಇವತ್ತಿನ ಮಗುವಿನವರೆಗೆ ಎಲ್ಲರ ಹೆಸರು. ಕೊಂಡವನ ಹೆಸರು 1870ರ ಜನಗಣತಿಯಲ್ಲಿ ಸಿಗಬಹುದು, ಯಾಕೆಂದರೆ ಬಿಡುಗಡೆಯಾದವರನ್ನೆಲ್ಲ ಹೆಸರು ಹಿಡಿದು ಬರೆದ ಮೊದಲ ಗಣತಿ ಅದು. ಅದಕ್ಕೂ ಹಿಂದೆ, 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡು ಹೆಣ್ಣು, ಮೈಬಣ್ಣ ಮಾತ್ರ ಇರುತ್ತದೆ. ಅದಕ್ಕಿಂತ ಹಿಂದೆ ಹೋಗಬೇಕು ಅನ್ನುವವರಿಗೆ ಹೆಚ್ಚಾಗಿ ಸಿಗುವುದು ಒಡೆಯನ ಕಾಗದಗಳೇ: ಅವನ ಉಯಿಲು, ಅವನು ಸತ್ತಾಗ ಪಂಚರು ಬರೆದ ಆಸ್ತಿ ಪಟ್ಟಿ. ಡಗ್ಲಸ್ ತಾವು ಹುಟ್ಟಿದ್ದು 1817ರಲ್ಲಿ ಇರಬೇಕು ಎಂದು ಜೀವನವಿಡೀ ಊಹಿಸುತ್ತಲೇ ಹೋದರು. ಆರನ್ ಆಂಟನಿಯ ಲೆಕ್ಕದ ಪುಸ್ತಕವನ್ನು ಬಹಳ ಕಾಲದ ಮೇಲೆ ಇತಿಹಾಸಕಾರರು ತೆರೆದು ನೋಡಿದರು. ಅದರಲ್ಲಿ ಒಂದು ಸಾಲು ಇತ್ತು: ಫ್ರೆಡರಿಕ್ ಆಗಸ್ಟಸ್, ಹ್ಯಾರಿಯೆಟ್‌ಳ ಮಗ, ಫೆಬ್ರವರಿ 1818.